ಹೊಂಗೆ ಚಿಗುರಿದ್ದು ಯಾವ ದಿನ?

ಮಕ್ಕಳೇ, ನಿಮಗೊಂದು ಪ್ರಶ್ನೆ. ನಿಮ್ಮ ಶಾಲೆಯ ಅಂಗಳದಲ್ಲೋ ಊರಿನ ಉದ್ಯಾನದಲ್ಲೋ ಒಂದು ಹೊಂಗೆ ಮರ ಇರಬೇಕಲ್ಲವೇ? ಅದು ಕಳೆದ ವರ್ಷ ಚಿಗುರಿದ್ದು ಯಾವಾಗ?

“ಶಿವರಾತ್ರಿ ಹೊತ್ತಿಗೆ” ಎಂದು ಒಬ್ಬರು ಹೇಳಬಹುದು. “ಅಲ್ಲ, ಯುಗಾದಿಗೆ” ಎಂದು ಇನ್ನೊಬ್ಬರು ವಾದಿಸಬಹುದು. “ಪರೀಕ್ಷೆ ಮುಗಿದ ಮೇಲೆ” ಎಂದು ಮತ್ತೊಬ್ಬರು. ಎಲ್ಲರೂ ಅದೇ ಮರದ ಕೆಳಗೆ ಆಡಿದವರೇ. ಆದರೂ ಉತ್ತರ ಬೇರೆ ಬೇರೆ. ಯಾರು ಹೇಳಿದ್ದು ಸರಿ?

ಮರ ನಮ್ಮ ಕಣ್ಣೆದುರಿಗೇ ಬದಲಾಗುತ್ತದೆ. ಆದರೆ ದಿನವೂ ಚೂರುಚೂರೇ ಬದಲಾಗುವುದರಿಂದ ನಾವು ಗಮನಿಸುವುದಿಲ್ಲ. ಒಂದು ದಿನ ತಲೆಯೆತ್ತಿ ನೋಡಿದಾಗ “ಅರೆ, ಯಾವಾಗ ಚಿಗುರಿತು!” ಎನ್ನುತ್ತೇವೆ. ಈ ಚಿಕ್ಕ ಚಿಕ್ಕ ಬದಲಾವಣೆಗಳನ್ನು ಹಿಡಿದಿಡಲು ಒಂದು ಸುಲಭ ಉಪಾಯವಿದೆ. ಅದೇ ಫೋಟೋ. ಬನ್ನಿ, ಅದನ್ನು ವಿಜ್ಞಾನಿಗಳಂತೆ ತೆಗೆಯುವುದು ಹೇಗೆಂದು ನೋಡೋಣ.

ಯುಗಾದಿ ಎಂದರೆ ಯಾವ ದಿನ?

ಮೊದಲು ಆ ವಾದವನ್ನೇ ನೋಡಿ. 2023ರಲ್ಲಿ ಯುಗಾದಿ ಮಾರ್ಚ್ 22ರಂದು ಬಂತು. 2024ರಲ್ಲಿ ಬಂದದ್ದು ಏಪ್ರಿಲ್ 9ರಂದು. 2025ರಲ್ಲಿ ಮಾರ್ಚ್ 30ರಂದು. ನಮ್ಮ ಹಬ್ಬಗಳು ಚಂದ್ರನ ಲೆಕ್ಕದಲ್ಲಿ ನಡೆಯುತ್ತವೆ. ಆದ್ದರಿಂದ ಅವು ಪ್ರತಿವರ್ಷ ಹಿಂದೆ ಮುಂದೆ ಆಗುತ್ತವೆ.

ಈಗ ಯೋಚಿಸಿ. ಒಂದು ಮರ 2023ರಲ್ಲೂ 2024ರಲ್ಲೂ “ಯುಗಾದಿಗೆ ಸರಿಯಾಗಿ” ಚಿಗುರಿತು ಎಂದುಕೊಳ್ಳೋಣ. ಕೇಳಿದರೆ ಎರಡು ವರ್ಷವೂ ಒಂದೇ ಸಮಯ ಎನಿಸುತ್ತದೆ. ನಿಜದಲ್ಲಿ ಎರಡನೆಯ ವರ್ಷ ಅದು 18 ದಿನ ತಡವಾಗಿದೆ! ಮರಕ್ಕೆ ಪಂಚಾಂಗ ಗೊತ್ತಿಲ್ಲ. ಹಾಗಾಗಿ ಮರದ ಕಥೆ ಬರೆಯುವವರು ಹಬ್ಬದ ಹೆಸರಿನ ಜೊತೆಗೆ ತಾರೀಖನ್ನೂ ಬರೆಯಲೇಬೇಕು. ಫೋಟೋದ ದೊಡ್ಡ ಉಪಯೋಗವೇ ಇದು. ಮೊಬೈಲಿನಲ್ಲಿ ತೆಗೆದ ಚಿತ್ರದೊಂದಿಗೆ ತಾರೀಖು, ಗಂಟೆ ತಾವಾಗಿಯೇ ಸೇರಿರುತ್ತವೆ.

ಬೋಳು ಮರ ಸತ್ತ ಮರವಲ್ಲ

ಜನವರಿ, ಫೆಬ್ರವರಿ ತಿಂಗಳಲ್ಲಿ ಉದ್ಯಾನದಲ್ಲಿ ಒಂದು ಸುತ್ತು ಹಾಕಿ. ಬೂರುಗ, ಮುತ್ತುಗದಂತಹ ಮರಗಳು ಎಲೆಗಳನ್ನೆಲ್ಲ ಉದುರಿಸಿ ನಿಂತಿರುತ್ತವೆ. ಯಾಕೆ?

ಎಲೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಅವುಗಳ ಮೂಲಕ ಮರದೊಳಗಿನ ನೀರು ಆವಿಯಾಗಿ ಹೋಗುತ್ತಿರುತ್ತದೆ. ಮಳೆ ನಿಂತು ಮಣ್ಣು ಒಣಗಿದಾಗ ಇಷ್ಟು ನೀರು ಕಳೆದುಕೊಳ್ಳುವುದು ಮರಕ್ಕೆ ಕಷ್ಟ. ಆಗ ಅದು ಎಲೆಯಲ್ಲಿರುವ ಉಪಯುಕ್ತ ಪೋಷಕಾಂಶಗಳಲ್ಲಿ ಬಹಳಷ್ಟನ್ನು ಕೊಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಪತ್ರಹರಿತ್ತು ಕರಗಿ ಎಲೆ ಹಳದಿಯಾಗುತ್ತದೆ. ತೊಟ್ಟು ಕೊಂಬೆಗೆ ಸೇರುವ ಜಾಗದಲ್ಲಿ ಸಡಿಲವಾದ ಜೀವಕೋಶಗಳ ಪದರವೊಂದು ಬೆಳೆಯುತ್ತದೆ. ಆಮೇಲೆ ಒಂದು ಗಾಳಿ ಬೀಸಿದರೆ ಸಾಕು, ಎಲೆ ಕಳಚಿ ಬೀಳುತ್ತದೆ. ಕೊಂಬೆಯ ಮೇಲೆ ಒಂದು ಸಣ್ಣ ಗುರುತು ಉಳಿಯುತ್ತದೆ. ನೀವು ತೆಗೆಯಬೇಕಾದ ಮೊದಲ ಚಿತ್ರ ಈ ಗುರುತಿನದು.

ಅದರ ಹತ್ತಿರವೇ ಅಥವಾ ಕೊಂಬೆಯ ತುದಿಯಲ್ಲಿ ಒಂದು ಪುಟ್ಟ ಗಂಟು ಕಾಣುತ್ತದೆ. ಅದು ಎಲೆಮೊಗ್ಗು. ಮುಂದಿನ ಚಿಗುರು ಅದರೊಳಗೇ ಮಡಚಿಕೊಂಡು ಕೂತಿದೆ! ಮೊಗ್ಗು ಇದ್ದರೆ ಮರ ಬದುಕಿದೆ ಎಂದೇ ಅರ್ಥ.

ಮಳೆ ಇಲ್ಲದೆ ಚಿಗುರು ಹೇಗೆ?

ಇಲ್ಲೊಂದು ಸೋಜಿಗವಿದೆ. ಮುಂಗಾರು ಬರುವುದು ಜೂನ್‌ನಲ್ಲಿ. ಆದರೆ ನಮ್ಮ ಎಷ್ಟೋ ಮರಗಳು ಫೆಬ್ರವರಿ, ಮಾರ್ಚ್ ತಿಂಗಳ ಒಣ ಬಿಸಿಲಿನಲ್ಲೇ ಚಿಗುರುತ್ತವೆ. ನೀರೆಲ್ಲಿಂದ ಬಂತು?

ಆಳಕ್ಕೆ ಇಳಿದ ಬೇರುಗಳಿಗೆ ತಳದ ತೇವ ಸಿಗುತ್ತದೆ. ಕಾಂಡದಲ್ಲೂ ಸ್ವಲ್ಪ ನೀರಿನ ದಾಸ್ತಾನು ಇರುತ್ತದೆ. ಎಲೆಗಳೆಲ್ಲ ಉದುರಿದ್ದರಿಂದ ಆ ನೀರು ಉಳಿದಿರುತ್ತದೆ. ಇನ್ನು “ಚಿಗುರುವ ಕಾಲ ಬಂತು” ಎಂದು ಮರಕ್ಕೆ ತಿಳಿಸುವುದು ಯಾರು? ಬೆಳೆಯುತ್ತಿರುವ ಹಗಲು. ಡಿಸೆಂಬರ್ 22ರ ಸುಮಾರಿಗೆ ಬೆಂಗಳೂರಿನಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ ಇರುತ್ತದೆ. ಮಾರ್ಚ್ 21ರ ಹೊತ್ತಿಗೆ ಅದು 12 ಗಂಟೆ ದಾಟುತ್ತದೆ. ನಮಗೆ ತಿಳಿಯದ ಈ ವ್ಯತ್ಯಾಸ ಹಲವು ಮರಗಳಿಗೆ ತಿಳಿಯುತ್ತದೆ. ಬಿಸಿಲಿನ ತಾಪ, ಅಕಾಲದ ಒಂದು ಮಳೆ, ಮಣ್ಣಿನ ತೇವ ಇವೂ ಸೇರಿ ದಿನವನ್ನು ಸ್ವಲ್ಪ ಹಿಂದೆ ಮುಂದೆ ಮಾಡುತ್ತವೆ.

ಮುಂಚೆಯೇ ಚಿಗುರಿದರೆ ಮರಕ್ಕೆ ಲಾಭವೂ ಇದೆ. ಮಳೆಗಾಲದಲ್ಲಿ ಎಲೆ ತಿನ್ನುವ ಹುಳುಗಳು ಹೆಚ್ಚುತ್ತವೆ. ಅಷ್ಟರೊಳಗೆ ಎಲೆಗಳು ಬಲಿತು ಗಟ್ಟಿಯಾಗಿರುತ್ತವೆ. ಮೊದಲ ಮಳೆ ಬೀಳುತ್ತಲೇ ಅವು ಪೂರ್ತಿಯಾಗಿ ಆಹಾರ ತಯಾರಿಸಲು ತೊಡಗಬಹುದು.

ಚಿಗುರು ಕೆಂಪೇಕೆ?

ಅರಳಿ ಮರದ ಚಿಗುರು ತಾಮ್ರದ ಬಣ್ಣ. ಮಾವಿನ ಚಿಗುರು ಕಂದುಗೆಂಪು. ಅದು ಬಾಡಿದಂತೆ ಜೋತು ಬಿದ್ದಿರುತ್ತದೆ. ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಮಾತ್ರ ತುಂಬಿರುತ್ತದೆ. ಇದು ನವುರಾದ ಎಲೆಗೆ ಬಿಸಿಲಿನ ಹೊಡೆತ ತಟ್ಟದಂತೆ ಕೊಡೆ ಹಿಡಿಯುತ್ತದೆ. ಎಲೆ ತಿನ್ನುವ ಕೀಟಗಳಿಂದ ಕಾಪಾಡಲೂ ಕೆಂಪು ಬಣ್ಣ ನೆರವಾಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಎಲೆ ಬಲಿತಂತೆ ಹಸಿರು ಹೆಚ್ಚುತ್ತದೆ, ಎಲೆ ನೆಟ್ಟಗಾಗುತ್ತದೆ. ಒಂದೇ ಎಲೆಯನ್ನು ಎರಡು ದಿನಕ್ಕೊಮ್ಮೆ ಫೋಟೋ ತೆಗೆದು ಸಾಲಾಗಿ ಜೋಡಿಸಿದರೆ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ.

ಮಾಡಿ ನೋಡಿ: ಮರದ ಆಲ್ಬಮ್

ಬೇಕಾದದ್ದು: ಒಂದು ಮರ, ಶಿಕ್ಷಕರದೋ ಮನೆಯವರದೋ ಮೊಬೈಲ್, ಒಂದು ಅಳತೆಪಟ್ಟಿ, ಬಿಳಿ ಹಾಳೆ, ದಾರ, ಒಂದು ನೋಟ್ ಪುಸ್ತಕ.

1. ಒಂದು ಮರ ಆರಿಸಿಕೊಳ್ಳಿ. ಕೈಗೆ ಎಟುಕುವ ಒಂದು ರೆಂಬೆಗೆ ದಾರವನ್ನು ಸಡಿಲವಾಗಿ ಕಟ್ಟಿ ಗುರುತು ಮಾಡಿ. ಬಿಗಿಯಾಗಿ ಕಟ್ಟಿದರೆ ರೆಂಬೆಗೆ ಪೆಟ್ಟಾಗುತ್ತದೆ.

2. ನಿಲ್ಲುವ ಜಾಗಕ್ಕೆ ಒಂದು ಕಲ್ಲು ಇಡಿ. ಪ್ರತಿ ಬಾರಿಯೂ ಅಲ್ಲೇ ನಿಂತು, ಅದೇ ಕಡೆಗೆ ಮುಖ ಮಾಡಿ ಚಿತ್ರ ತೆಗೆಯಿರಿ. ಜಾಗ ಬದಲಾದರೆ ಮರ ಬದಲಾಯಿತೋ ನೀವು ಬದಲಾದಿರೋ ಎಂದು ತಿಳಿಯುವುದಿಲ್ಲ.

3. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೆಗೆಯಿರಿ. ಬೆಳಗ್ಗೆ ಶಾಲೆ ಶುರುವಾಗುವ ಮುನ್ನ ಒಳ್ಳೆಯದು. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ.

4. ಪ್ರತಿ ಸಲ ಮೂರು ಚಿತ್ರ: ಇಡೀ ಮರ, ಗುರುತು ಮಾಡಿದ ರೆಂಬೆ, ಅದರ ಒಂದು ಮೊಗ್ಗು.

5. ಮೊಗ್ಗಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿಯಿರಿ. ಇಲ್ಲದಿದ್ದರೆ ಚಿತ್ರದಲ್ಲಿ ಸಣ್ಣ ಮೊಗ್ಗೂ ದೊಡ್ಡದಾಗಿ ಕಾಣುತ್ತದೆ. ಹಿಂದೆ ಬಿಳಿ ಹಾಳೆ ಹಿಡಿಯಿರಿ. ಮೋಡವಿದ್ದ ದಿನ, ಬಿಸಿಲಿದ್ದ ದಿನ ಚಿತ್ರದ ಬಣ್ಣ ಬೇರೆಯಾಗುತ್ತದೆ. ಹಾಳೆ ಎಷ್ಟು ಬೆಳ್ಳಗೆ ಕಾಣುತ್ತಿದೆ ಎಂದು ನೋಡಿದರೆ ಎಲೆಯ ಬಣ್ಣವನ್ನು ಹೋಲಿಸಬಹುದು.

6. ತೀರಾ ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆ. ಸ್ವಲ್ಪ ಹಿಂದೆ ಸರಿದು, ಪರದೆಯ ಮೇಲೆ ಮೊಗ್ಗನ್ನು ಮುಟ್ಟಿ, ಉಸಿರು ಹಿಡಿದು ತೆಗೆಯಿರಿ. ಗಾಳಿ ನಿಲ್ಲುವವರೆಗೆ ಕಾಯಿರಿ.

7. ಪುಸ್ತಕದಲ್ಲಿ ತಾರೀಖು ಬರೆದು ಹಳೆ ಎಲೆ, ಚಿಗುರು, ಮೊಗ್ಗು, ಹೂ, ಕಾಯಿ ಎಂಬ ಐದು ಕಾಲಂ ಮಾಡಿ. ಪ್ರತಿಯೊಂದಕ್ಕೂ ‘ಇಲ್ಲ’, ‘ಸ್ವಲ್ಪ’, ‘ಬಹಳ’ ಇವುಗಳಲ್ಲಿ ಒಂದನ್ನು ಬರೆಯಿರಿ. ಬದಲಾವಣೆ ಏನೂ ಇಲ್ಲದ ವಾರವೂ ಬರೆಯಿರಿ. “ಇನ್ನೂ ಚಿಗುರಿಲ್ಲ” ಎನ್ನುವುದೂ ಒಂದು ಮಾಹಿತಿಯೇ.

ಮೊಬೈಲ್ ಸಿಗದಿದ್ದರೆ ಬೇಸರ ಬೇಡ. ಅಳತೆ ಹಾಕಿ ಪೆನ್ಸಿಲಿನಲ್ಲಿ ಚಿತ್ರ ಬರೆಯಿರಿ. ಚಿತ್ರ ಬರೆಯುವಾಗ ಫೋಟೋದಲ್ಲಿ ತಪ್ಪಿಹೋಗುವ ಎಷ್ಟೋ ವಿವರ ಕಣ್ಣಿಗೆ ಬೀಳುತ್ತದೆ. ಕೋಗಿಲೆಯ ಕೂಗು, ಹೂವಿನ ವಾಸನೆ ಫೋಟೋದಲ್ಲಿ ಬರುವುದೇ ಇಲ್ಲ. ಅವನ್ನು ಬರೆದೇ ಇಡಬೇಕು.

ಏನೇನು ಸಿಗುತ್ತದೆ?

ಹೊಂಗೆ: ಹಳೆಯ ಎಲೆ ಉದುರಿದ ಸ್ವಲ್ಪ ದಿನದಲ್ಲೇ ಹೊಳೆಯುವ ತೆಳುಹಸಿರು ಚಿಗುರು ಬರುತ್ತದೆ. ಆಮೇಲೆ ಬಿಳಿ, ನಸುನೇರಳೆ ಹೂಗಳು. ಮರದ ಕೆಳಗೆ ಹೂವಿನ ಹಾಸು, ಮೇಲೆ ಜೇನುನೊಣಗಳ ಗುಂಯ್‌ಗುಡುವಿಕೆ. ಎಲೆಯ ಮೇಲೆ ಬೆರಳಿನಂತೆ ಎದ್ದ ಗಂಟುಗಳಿದ್ದರೆ ಬಿಡದೆ ತೆಗೆಯಿರಿ. ಅವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳ ಮನೆ. ಅವು ಯಾವ ವಾರದಲ್ಲಿ ಕಾಣಿಸಿಕೊಂಡವು?

ಮಾವು: ಒಂದೊಂದು ಗೊಂಚಲಿನಲ್ಲಿ ನೂರಾರು ಹೂಗಳು. ಕೊನೆಗೆ ಕಾಯಿಯಾಗುವುದು ಬೆರಳೆಣಿಕೆಯಷ್ಟು. ಒಂದೇ ಗೊಂಚಲನ್ನು ವಾರವಾರವೂ ತೆಗೆದು ಎಣಿಸಿ ನೋಡಿ. ಕೆಂಜಿಗ ಇರುವೆಗಳು ಎಲೆ ಹೊಲಿದು ಗೂಡು ಕಟ್ಟಿದ್ದರೆ ದೂರದಿಂದಲೇ ತೆಗೆಯಿರಿ, ಕಚ್ಚುತ್ತವೆ!

ಮುತ್ತುಗ: ಎಲೆಯಿಲ್ಲದ ಕೊಂಬೆಯ ತುಂಬ ಕಿತ್ತಳೆಗೆಂಪು ಹೂ. ಎಲೆಗಳ ಮರೆ ಇಲ್ಲದ್ದರಿಂದ ಸೂರಕ್ಕಿ, ಮೈನಾ ಹಕ್ಕಿಗಳಿಗೆ ದೂರದಿಂದಲೇ ಹೂ ಕಾಣುತ್ತದೆ. ಮಕರಂದ ಕುಡಿಯಲು ಬಂದ ಹಕ್ಕಿ ಪರಾಗವನ್ನು ಹೂವಿನಿಂದ ಹೂವಿಗೆ ಸಾಗಿಸುತ್ತದೆ.

ಬೆಂಗಳೂರಿನ ಮಕ್ಕಳಿಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಇವೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ಒಂದು ಜಾತಿಯ ಹೂ ಮುಗಿಯುತ್ತಲೇ ಇನ್ನೊಂದು ಜಾತಿ ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರು. ಈಗಲೂ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೇರಳೆ ಜಕರಂದ, ಬಳಿಕ ಕೆಂಪು ಗುಲ್‌ಮೊಹರ್ ಸರದಿಯಂತೆ ಅರಳುವುದನ್ನು ಅಲ್ಲಿ ನೋಡಬಹುದು. ಈ ಮೂರೂ ಹೊರದೇಶದಿಂದ ಬಂದ ಮರಗಳು. ನಿಮ್ಮ ಊರಿನಲ್ಲಿ ಅವು ಇಲ್ಲದಿದ್ದರೂ ಹೊಂಗೆ, ಬೇವು, ಅರಳಿ ಇದ್ದೇ ಇರುತ್ತವೆ.

ಇದರಿಂದ ಏನು ಪ್ರಯೋಜನ?

ಗಿಡ, ಮರ, ಪ್ರಾಣಿಗಳಲ್ಲಿ ಋತುವಿಗೆ ತಕ್ಕಂತೆ ಆಗುವ ಬದಲಾವಣೆಗಳ ಅಧ್ಯಯನಕ್ಕೆ ಫೀನಾಲಜಿ ಎಂದು ಹೆಸರು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಬೇಕಾದದ್ದು ತಾಳ್ಮೆ.

ಇಂಗ್ಲೆಂಡಿನ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರರು 1736ರಲ್ಲಿ ತಮ್ಮ ಮನೆಯ ಸುತ್ತ ಯಾವ ಮರ ಯಾವಾಗ ಚಿಗುರಿತು, ಕಪ್ಪೆ ಯಾವಾಗ ಕೂಗಿತು ಎಂದು ಬರೆಯತೊಡಗಿದರು. ಅವರ ನಂತರ ಅವರ ಮನೆತನದವರು 1958ರವರೆಗೂ ಬರೆದರು. ಜಪಾನಿನ ಕ್ಯೋಟೋ ನಗರದಲ್ಲಿ ರಾಜರೂ ಆಸ್ಥಾನದವರೂ ಚೆರ್ರಿ ಹೂವಿನ ಉತ್ಸವದ ದಿನವನ್ನು ದಿನಚರಿಗಳಲ್ಲಿ ಬರೆದಿಡುತ್ತಿದ್ದರು. ಹೀಗೆ ಸುಮಾರು 1200 ವರ್ಷಗಳ ಲೆಕ್ಕ ಸಿಕ್ಕಿದೆ. ಹಿಂದೆಲ್ಲ ಹೆಚ್ಚಾಗಿ ಏಪ್ರಿಲ್ ಮಧ್ಯದಲ್ಲಿ ತುಂಬಿ ಅರಳುತ್ತಿದ್ದ ಹೂ 2021ರಲ್ಲಿ ಮಾರ್ಚ್ 26ಕ್ಕೇ ಅರಳಿತು. ಅಲ್ಲಿಯವರೆಗಿನ ದಾಖಲೆಗಳಲ್ಲೇ ಅದು ಅತಿ ಬೇಗ. ಭೂಮಿ ಬಿಸಿಯಾಗುತ್ತಿದೆ, ನಗರಗಳು ಇನ್ನೂ ಬಿಸಿಯಾಗುತ್ತಿವೆ ಎಂಬುದಕ್ಕೆ ಆ ದಿನಚರಿಗಳು ಸಾಕ್ಷಿಯಾದವು. ಹೂ ನೋಡಲು ಹೋದವರು ತಾರೀಖು ಬರೆಯದೆ ಇದ್ದಿದ್ದರೆ?

ನಮ್ಮ ದೇಶದಲ್ಲೂ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳು ಮಾವು, ಹಲಸು, ಹುಣಸೆಯಂತಹ ಮರಗಳನ್ನು ವಾರಕ್ಕೊಮ್ಮೆ ನೋಡಿ ಮಾಹಿತಿ ಕಳಿಸುತ್ತಾರೆ. ಒಂದು ವರ್ಷದ ಲೆಕ್ಕದಿಂದ ಹವಾಮಾನ ಬದಲಾಗಿದೆ ಎಂದು ಹೇಳಲಾಗದು. ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ ಆಗುವುದು ಸಹಜ. ಹಲವು ಮರ, ಹಲವು ವರ್ಷ ಸೇರಿದಾಗ ಮಾತ್ರ ಸತ್ಯ ಹೊರಬರುತ್ತದೆ. ಆದ್ದರಿಂದ ನೀವು ಏಳನೆಯ ತರಗತಿ ಮುಗಿಸಿ ಹೋಗುವಾಗ ಆಲ್ಬಮ್ಮನ್ನು ಆರನೆಯ ತರಗತಿಯವರ ಕೈಗೆ ಕೊಟ್ಟು ಹೋಗಿ. ಕಲ್ಲು ಇಟ್ಟ ಜಾಗವನ್ನೂ ತೋರಿಸಿ.

ನೆನಪಿರಲಿ

ಚಿತ್ರಕ್ಕಾಗಿ ಚಿಗುರು, ಹೂ ಕೀಳಬೇಡಿ. ಕಿತ್ತರೆ ಮುಂದಿನ ವಾರದ ಚಿತ್ರವೇ ಇಲ್ಲ! ಹಕ್ಕಿಗೂಡಿನ ಹತ್ತಿರ ಹೋಗಬೇಡಿ. ಮರ ಹತ್ತಬೇಡಿ. ಸೂರ್ಯನ ಕಡೆಗೆ ನೇರವಾಗಿ ನೋಡಬೇಡಿ. ಉದ್ಯಾನಕ್ಕೆ ಹೋಗುವಾಗ ದೊಡ್ಡವರು ಜೊತೆಗಿರಲಿ.

ಕೊನೆಗೊಂದು ಮಾತು. ಬೇಸಿಗೆಯಲ್ಲಿ ಬೋಳಾಗಿ ನಿಂತ ಮರವನ್ನು ಕಂಡು “ಇದು ಒಣಗಿಹೋಗಿದೆ, ಕಡಿದುಬಿಡೋಣ” ಎಂದು ಯಾರಾದರೂ ಹೇಳುವುದುಂಟು. ಆಗ “ಇಲ್ಲ, ಅದು ಬದುಕಿದೆ” ಎಂದಷ್ಟೇ ಹೇಳಿದರೆ ಅವರು ನಂಬುತ್ತಾರೆಯೇ? ಹೋದ ವರ್ಷದ ಫೆಬ್ರವರಿಯ ಬೋಳು ಕೊಂಬೆ, ಮಾರ್ಚ್‌ನ ಚಿಗುರು, ಏಪ್ರಿಲ್‌ನ ಹೂ ಮೂರನ್ನೂ ತಾರೀಖಿನ ಸಮೇತ ಮುಂದಿಡಿ. ಆ ಮರದ ಪರವಾಗಿ ಸಾಕ್ಷಿ ಹೇಳಲು ನಿಮ್ಮ ಹತ್ತಿರ ಇದ್ದದ್ದು ಬರೀ ಒಂದು ಆಲ್ಬಮ್. ಆದರೆ ಅಷ್ಟು ಸಾಕಾಗಬಹುದು.

ಹಾಗಾದರೆ ಹೇಳಿ, ನಿಮ್ಮ ಹೊಂಗೆ ಈ ವರ್ಷ ಚಿಗುರಿದ್ದು ಯಾವ ದಿನ?