ಗೇರ್ ಪೆಟ್ಟಿಗೆಯಲ್ಲಿ ಮಜ್ಜಿಗೆ!

ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ಕೇಜ್‌ವೀಲ್ ಕಟ್ಟಿದ ಟ್ರ್ಯಾಕ್ಟರ್ ದಿನವಿಡೀ ಕೆಸರು ತುಳಿಯುತ್ತದೆ. ಕೆಲ ದಿನಗಳಲ್ಲಿ ಗೇರ್ ಗೊರಗುಟ್ಟುತ್ತದೆ, ನೇಗಿಲು ಎತ್ತಲು ತಡವರಿಸುತ್ತದೆ. ಆಗ ಅಳತೆಕಡ್ಡಿ ಎಳೆದು ನೋಡಬೇಕು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿರುವ ಗುಮಾನಿ.

ಮುಚ್ಚಿದ ಪೆಟ್ಟಿಗೆಗೆ ನೀರು ಬಂದದ್ದಾದರೂ ಹೇಗೆ? ದುಡಿಮೆಯಿಂದ ಪೆಟ್ಟಿಗೆ ಕಾದಾಗ ಒಳಗಿನ ಗಾಳಿ ಹಿಗ್ಗಿ ಉಸಿರುಕಿಂಡಿಯಿಂದ ಹೊರಹೋಗುತ್ತದೆ. ಕೆಸರುನೀರಿನಲ್ಲಿ ತಣಿದಾಗ ಉಳಿದ ಗಾಳಿ ಕುಗ್ಗಿ ಒತ್ತಡ ಇಳಿಯುತ್ತದೆ. ಕಿಂಡಿಗೆ ಕೆಸರು ಮೆತ್ತಿದ್ದರೆ ಗಾಳಿಯ ಬದಲು ಸವೆದ ಸೀಲುಗಳ ಸಂದಿಯಿಂದ ನೀರು ಒಳಸೇರುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಅನಿಲದ ನಿಯಮ ಗದ್ದೆಯಲ್ಲಿ ಕೆಲಸ ಮಾಡುವ ಬಗೆ ಇದು! ಹಲ್ಲುಗಾಲಿಗಳು ನೀರನ್ನು ಕಡೆದು ಸಣ್ಣ ಹನಿಗಳಾಗಿಸುತ್ತವೆ. ಬೆಳಕು ಅವುಗಳಿಂದ ಚದುರಿ ಎಣ್ಣೆ ಬೆಳ್ಳಗೆ ಕಾಣುತ್ತದೆ.

ಮೋಟಾರು ದೋಣಿಗಳಿಗೂ ಈ ಕಾಯಿಲೆ ಉಂಟು. ಅಲ್ಲಿ ಎಣ್ಣೆ ತಣಿಸುವ ಕೊಳವೆ ತೂತಾದರೆ ಸಮುದ್ರದ ಉಪ್ಪುನೀರೇ ನುಗ್ಗುತ್ತದೆ.

ಆದರೆ ಬಿಳುಪೆಲ್ಲ ನೀರಲ್ಲ. ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದರೂ ನೊರೆಯೇಳುತ್ತದೆ. ಗಾಜಿನ ಬಾಟಲಿಯಲ್ಲಿ ತುಸು ಎಣ್ಣೆಯನ್ನು ರಾತ್ರಿಯಿಡೀ ಇಡಿ. ನೊರೆಯಾದರೆ ತಿಳಿಯಾಗುತ್ತದೆ, ನೀರಾದರೆ ತಳ ಸೇರುತ್ತದೆ, ಇಲ್ಲವೇ ಬಿಳುಪು ಹಾಗೇ ಉಳಿಯುತ್ತದೆ.

ಶಿಗ್ಗಾವಿ, ಸವಣೂರಿನ ಒಣ ಹೊಲಗಳಲ್ಲಿ, ಹಿರೇಕೆರೂರಿನ ಮೆಕ್ಕೆಜೋಳದ ಟ್ರೇಲರ್ ಎಳೆಯುವಲ್ಲಿ ಕೆಸರಿನ ಕಾಟ ಕಡಿಮೆ. ಅಲ್ಲಿ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ ಎಂದರ್ಥ. ಮಿನುಗುವ ಲೋಹದ ಚೂರು ಕಂಡರೆ ಹಲ್ಲೋ ಬೇರಿಂಗೋ ಸವೆಯುತ್ತಿದೆ.

ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್, ಹೈಡ್ರಾಲಿಕ್ ಎರಡಕ್ಕೂ ಒಂದೇ ಎಣ್ಣೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿಗೂ ಅದೇ. ನೀರು ಬೆರೆತ ಎಣ್ಣೆಯಲ್ಲೇ ತುಂಬಿದ ಟ್ರೇಲರ್ ಕಟ್ಟಿಕೊಂಡು ಇಳಿಜಾರಿಗೆ ಹೊರಡುವವರೂ ಇದ್ದಾರೆ.