ಕಾರ್ಖಾನೆಯಲ್ಲಿ ಕ್ಷೇಮವೂ ಸಮಾನತೆಯೂ

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿತು. ನೆರೆಯ ವೆಂಕಟಾಪುರದ ಜನ ನಿದ್ದೆಯಲ್ಲಿದ್ದರು. 12 ಮಂದಿ ಅಸುನೀಗಿದರು. ಅಪಾಯದ ಸೈರನ್ ಮೊಳಗಲೇ ಇಲ್ಲವೆಂದು ಸರಕಾರ ನೇಮಿಸಿದ ಸಮಿತಿ ಆಮೇಲೆ ತಿಳಿಸಿತು.

ಎಚ್ಚರಿಕೆ ಎಲ್ಲರಿಗೂ ಮುಟ್ಟಬೇಕಷ್ಟೆ? 1948ರ ಕಾರ್ಖಾನೆ ಕಾಯಿದೆಯು ಸೂಚನೆಗಳನ್ನು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಹಾಕಬೇಕೆಂದಿತ್ತು. ಆದರೆ ತೆಲುಗು ಓದಲಾರದ ಕನ್ನಡಿಗನ, ಒಡಿಯಾ ಸೋದರನ ಗತಿಯೇನು? ಭೋಪಾಲದ ದುರಂತದ ತರುವಾಯ, 1987ರ ತಿದ್ದುಪಡಿಯು ಕ್ಷೇಮದ ವಿಷಯ ತಿಳಿಯುವ ಹಕ್ಕನ್ನು ಕೆಲಸಗಾರರಿಗೆ ಕೊಟ್ಟಿತು. ಅಂಥವರಿಗೆ ಬಾಯಿಮಾತಿನಲ್ಲಿ ಹೇಳಿ, ಮಾಡಿ ತೋರಿಸಿದರೇನೇ ಆ ಹಕ್ಕು ಸಂದಂತೆ.

ಸಮಾನ ಅವಕಾಶದ ಮಾತೂ ಇದಕ್ಕೆ ಹೊಂದಿಕೊಂಡದ್ದೆ. 1948ರ ಕಾಯಿದೆ ಹೆಂಗಸರನ್ನು ರಾತ್ರಿ ಪಾಳಿಯಿಂದ ದೂರವಿಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯು ಅವರ ಒಪ್ಪಿಗೆಯಿದ್ದರೆ, ರಕ್ಷಣೆಯ ಷರತ್ತಿನೊಡನೆ ಆ ಬಾಗಿಲು ತೆರೆದಿದೆ. ಷರತ್ತು ಕಾಗದದಲ್ಲಿಯೇ ಉಳಿದರೆ ಒಪ್ಪಿಗೆ ಕೊಡುವ ಧೈರ್ಯ ಯಾರಿಗಿದ್ದೀತು?

ವಿಜಯವಾಡದಲ್ಲಾಗಲಿ ವಿಶಾಖಪಟ್ಟಣದಲ್ಲಾಗಲಿ ಕೆಲಸಕ್ಕೆ ಸೇರುವ ನಮ್ಮ ಹುಡುಗರೂ ಹುಡುಗಿಯರೂ ಮೊದಲ ದಿನವೇ ಎರಡು ಪ್ರಶ್ನೆ ಕೇಳತಕ್ಕದ್ದು: ಸೈರನ್ ಕೂಗಿದರೆ ಹೊರಗೆ ಹೋಗುವ ದಾರಿ ಯಾವುದು? ಪಕ್ಕದಲ್ಲಿರುವವರಿಗೂ ಅದು ಗೊತ್ತೆ?