ಗಾಳಿ ಎಲ್ಲಿ ಸಿಗುತ್ತೆ ನೋಡಿ, ಆಮೇಲೆ ಟ್ಯಾಂಕ್ ಕೊಳ್ಳಿ

ಶನಿವಾರ ಬೆಳಗಾದರೆ ಸಾಕು, ದೇವನಹಳ್ಳಿ ದಾಟಿ ಬರುವ ಕಾರು, ಬೈಕುಗಳ ಸಾಲು ನಂದಿಬೆಟ್ಟದ ಕಡೆ ತಿರುಗುತ್ತದೆ. ಸೂರ್ಯೋದಯ ನೋಡಿ, ಇಡ್ಲಿ-ಕಾಫಿ ಮುಗಿಸಿ ವಾಪಸಾಗುತ್ತಿದ್ದ ಕಾಲ ಹೋಯ್ತು. ಈಗ ಬೆಟ್ಟದ ಸುತ್ತಮುತ್ತಲಿನ ರೆಸಾರ್ಟು, ಅಡ್ವೆಂಚರ್ ಕ್ಯಾಂಪುಗಳ ಪಟ್ಟಿಯಲ್ಲಿ ಪೇಂಟ್‌ಬಾಲ್ ಕೂಡ ಸೇರಿಕೊಂಡಿದೆ. ಆಫೀಸಿನ ಟೀಮ್ ಔಟಿಂಗ್‌ಗೆ ಬರುವವರ ಜೊತೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹುಡುಗ ಹುಡುಗಿಯರಿಗೂ ಈ ಆಟದ ರುಚಿ ಹತ್ತಿದೆ.

ನಾಲ್ಕು ಸಲ ಆಡಿದ ಮೇಲೆ ‘ನಮ್ಮದೇ ಒಂದು ಗನ್ ಇದ್ದರೆ?’ ಅನ್ನಿಸೋದು ಸಹಜ. ಗನ್ ಆರಿಸುವುದಕ್ಕೆ ಎಲ್ಲರೂ ಹತ್ತಾರು ವಿಡಿಯೊ ನೋಡುತ್ತಾರೆ. ಅದರ ಹಿಂದೆ ತಿರುಗಿಸಿ ಕೂರಿಸುವ ಬಾಟಲಿಯಂಥ ಏರ್ ಟ್ಯಾಂಕ್ ಬಗ್ಗೆ ಮಾತ್ರ ‘ಯಾವುದೋ ಒಂದು ಸಿಕ್ಕರಾಯ್ತು’ ಅಂತ ಬಿಟ್ಟುಬಿಡುತ್ತಾರೆ. ಅಸಲಿಗೆ ಹುಷಾರಾಗಿ ಕೊಳ್ಳಬೇಕಾದ್ದು ಅದನ್ನೇ.

ಟೈರಿನ ಗಾಳಿಯ ನೂರು ಪಟ್ಟು

ಕಾರಿನ ಟೈರಿಗೆ ನಾವು ಹೊಡೆಸುವ ಗಾಳಿ ಹೆಚ್ಚುಕಡಿಮೆ 32 ಪಿಎಸ್‌ಐ. ಪೇಂಟ್‌ಬಾಲ್ ಟ್ಯಾಂಕಿನ ಒಳಗಿರುವುದು 3000 ಅಥವಾ 4500 ಪಿಎಸ್‌ಐ. ಅಂದರೆ ಹೆಚ್ಚುಕಡಿಮೆ ನೂರು ಪಟ್ಟು, ಇಲ್ಲವೇ ಅದಕ್ಕೂ ಹೆಚ್ಚು! ಸಿಎನ್‌ಜಿ ಕಾರಿನ ಡಿಕ್ಕಿಯಲ್ಲಿರುವ ಸಿಲಿಂಡರಿನ ಒತ್ತಡ ಸುಮಾರು 200 ಬಾರ್. 3000 ಪಿಎಸ್‌ಐ ಅಂದರೂ ಅಷ್ಟೇ. ಆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವ ನಾವು, ಅಷ್ಟೇ ಒತ್ತಡದ ಟ್ಯಾಂಕನ್ನು ಹೆಗಲಿಗೆ ಒತ್ತಿಕೊಂಡು, ಕೆನ್ನೆಯ ಪಕ್ಕದಲ್ಲೇ ಇಟ್ಟುಕೊಂಡು ಓಡಾಡುತ್ತೇವೆ. ಇದೊಂದು ನೆನಪಿದ್ದರೆ ಮುಂದಿನದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಕಾರ್ಬನ್ ಡೈಆಕ್ಸೈಡ್ ಬೇಡ್ವಾ?

ಹಳೆಯ ಗನ್‌ಗಳು ಕಾರ್ಬನ್ ಡೈಆಕ್ಸೈಡ್ ಅನಿಲದಲ್ಲಿ ಓಡುತ್ತಿದ್ದವು. ಈಗಲೂ ಅಲ್ಲಲ್ಲಿ ಇವೆ. ಟ್ಯಾಂಕ್ ಅಗ್ಗ. ಆದರೆ ಈ ಅನಿಲ ದ್ರವರೂಪದಲ್ಲಿ ಕೂತಿರುತ್ತದೆ, ಹವೆಗೆ ತಕ್ಕಂತೆ ಅದರ ಒತ್ತಡ ಏರಿಳಿಯುತ್ತದೆ. ನಂದಿಬೆಟ್ಟದ ಬುಡದಲ್ಲಿ ಚಳಿಗಾಲದ ಬೆಳಗ್ಗೆ 10 ಡಿಗ್ರಿ ಇದ್ದರೆ ಒತ್ತಡ ಸುಮಾರು 650 ಪಿಎಸ್‌ಐ. ಮಧ್ಯಾಹ್ನ 30 ಡಿಗ್ರಿ ಮುಟ್ಟಿದರೆ ಸಾವಿರ ದಾಟುತ್ತದೆ. ಬೆಳಗ್ಗೆ ಗುಂಡು ಅರ್ಧ ದಾರಿಗೇ ಬೀಳುತ್ತದೆ, ಮಧ್ಯಾಹ್ನ ಅದೇ ಗನ್ ಬೇಕಾದ್ದಕ್ಕಿಂತ ಜೋರಾಗಿ ಹೊಡೆಯುತ್ತದೆ. ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರಬಾರದು ಎಂಬುದು ಮೈದಾನಗಳಲ್ಲಿ ರೂಢಿಯಲ್ಲಿರುವ ಮಿತಿ. ಎಷ್ಟೋ ಕಡೆ ಇನ್ನೂ ಕಡಿಮೆ ಇಡುತ್ತಾರೆ.

ಒತ್ತಿ ತುಂಬಿದ ಗಾಳಿಗೆ ಈ ತಾಪತ್ರಯ ಕಡಿಮೆ. ಟ್ಯಾಂಕಿನ ಬಾಯಲ್ಲಿರುವ ರೆಗ್ಯುಲೇಟರ್ ಒಳಗಿನ ಒತ್ತಡವನ್ನು ತಗ್ಗಿಸಿ, ಸಾಮಾನ್ಯವಾಗಿ 800 ಪಿಎಸ್‌ಐ ಆಸುಪಾಸಿನಲ್ಲಿ, ಒಂದೇ ಸಮನೆ ಗನ್ನಿಗೆ ಕೊಡುತ್ತದೆ. 450ರ ಆಸುಪಾಸಿನಲ್ಲಿ ಕೊಡುವ ರೆಗ್ಯುಲೇಟರುಗಳೂ ಉಂಟು. ನಿಮ್ಮ ಗನ್ನಿಗೆ ಯಾವುದು ಅಂತ ಅದರ ಕೈಪಿಡಿಯಲ್ಲೇ ಬರೆದಿರುತ್ತದೆ.

48/3000 ಅಂದರೇನು?

ಟ್ಯಾಂಕಿನ ಮೇಲೆ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಗಾತ್ರ, ಘನ ಇಂಚಿನಲ್ಲಿ. ಎರಡನೆಯದು ತುಂಬಬಹುದಾದ ಗರಿಷ್ಠ ಒತ್ತಡ. ನಮ್ಮ ಲೆಕ್ಕದಲ್ಲಿ 48 ಅಂದರೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು, 68 ಅಂದರೆ ಸುಮಾರು 1.1 ಲೀಟರ್, 13 ಅಂದರೆ ಒಂದು ಲೋಟದಷ್ಟು.

48/3000 ಟ್ಯಾಂಕ್ ಅಲ್ಯೂಮಿನಿಯಮ್ಮಿನದು. ಗಟ್ಟಿಮುಟ್ಟು, ಬೆಲೆಯೂ ಕಡಿಮೆ. ಒಮ್ಮೆ ತುಂಬಿಸಿದರೆ ಅಂದಾಜು 400ರಿಂದ 500 ಗುಂಡು. 68/4500 ಟ್ಯಾಂಕಿಗೆ ಕಾರ್ಬನ್ ಫೈಬರ್ ಸುತ್ತಿರುತ್ತದೆ. ಸಾವಿರದ ಆಸುಪಾಸು ಗುಂಡು ಹೊಡೆಯಬಹುದು, ಅಷ್ಟಾದರೂ ತೂಕದಲ್ಲಿ ಹಗುರ. ಬೆಲೆ ಮಾತ್ರ ಕೈ ಕಚ್ಚುತ್ತದೆ.

‘ಹಗುರ, ಹೆಚ್ಚು ಗಾಳಿ, ಮತ್ತೇನು ಬೇಕು?’ ಅಂತೀರಾ? ತಡೀರಿ.

ತುಂಬಿಸೋರು ಯಾರು?

ನಿಜವಾದ ಪ್ರಶ್ನೆ ಇದು. ಬಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೂರು, ನೂರೈವತ್ತು ಪಿಎಸ್‌ಐಗೆ ಸುಸ್ತಾಗುತ್ತದೆ. ಅಲ್ಲಿ ಕೆಲಸವಾಗಲ್ಲ. ಗಾಳಿ ಸಿಗುವುದು ಸ್ವಂತ ಹೈ ಪ್ರೆಶರ್ ಕಂಪ್ರೆಸರ್ ಇಟ್ಟುಕೊಂಡಿರುವ ಪೇಂಟ್‌ಬಾಲ್ ಮೈದಾನದಲ್ಲಿ, ಇಲ್ಲವೇ ಸ್ಕೂಬಾ ಡೈವಿಂಗ್‌ನವರ ಹತ್ತಿರ. ಹೊರಗಿನವರ ಟ್ಯಾಂಕ್ ತುಂಬಿಕೊಡಲು ಎಲ್ಲರೂ ಒಪ್ಪುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಬೇಕು.

ಅವರಲ್ಲಿ ಎಷ್ಟು ಒತ್ತಡದವರೆಗೆ ತುಂಬುತ್ತಾರೆ ಅನ್ನುವುದನ್ನೂ ಕೇಳಿ. ಸಾಮಾನ್ಯ ಸ್ಕೂಬಾ ಸಿಲಿಂಡರ್ ಇರುವುದೇ 200 ಬಾರ್, ಅಂದರೆ 3000 ಪಿಎಸ್‌ಐ ಆಸುಪಾಸು. ಅದರಿಂದ ತುಂಬಿಸಿದರೆ ನಿಮ್ಮ 4500ರ ದುಬಾರಿ ಟ್ಯಾಂಕ್ ಮೂರನೇ ಎರಡು ಪಾಲಿಗೇ ನಿಲ್ಲುತ್ತದೆ. ಕೊಟ್ಟ ದುಡ್ಡಿಗೆ ಸಿಗಬೇಕಾದ ಗಾಳಿ ಸಿಗಲಿಲ್ಲ ಅಂದ ಮೇಲೆ ಅಷ್ಟು ದುಡ್ಡು ಯಾಕೆ ಸುರಿಯಬೇಕು? ಏರ್ ರೈಫಲ್‌ನವರು ಬಳಸುವ ಕೈಪಂಪ್ ಒಂದು ದಾರಿ. ಆದರೆ 48ರ ಟ್ಯಾಂಕಿಗೆ ನೂರಾರು ಸಲ ಒತ್ತಬೇಕು, ಜಿಮ್‌ಗೆ ಹೋಗುವುದೇ ಬೇಡ. ಗಾಳಿಯ ಜೊತೆ ತೇವಾಂಶ ಒಳಗೆ ಸೇರುವ ಕಾಟ ಬೇರೆ.

ಮುದ್ರೆ ನೋಡಿ, ಬಣ್ಣ ನೋಡಬೇಡಿ

ಟ್ಯಾಂಕಿನ ಮೈಮೇಲೆ ತಯಾರಾದ ಅಥವಾ ಪರೀಕ್ಷೆಯಾದ ತಿಂಗಳು, ವರ್ಷ ಇರುತ್ತದೆ. ಅಮೆರಿಕದ ಗುರುತಿನ ಟ್ಯಾಂಕುಗಳಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಕಾರ್ಬನ್ ಫೈಬರಿನದಕ್ಕೆ ಸಾಮಾನ್ಯವಾಗಿ 15 ವರ್ಷ ಆಯುಷ್ಯ, ಆಮೇಲೆ ಹೊಸದರಂತೆ ಹೊಳೆಯುತ್ತಿದ್ದರೂ ಮೂಲೆಗೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಆ ತಾರೀಕು ಓದಿ. ನಾರು ಎದ್ದಿದ್ದರೆ, ಆಳವಾದ ಗೀರು, ನೆಗ್ಗು ಇದ್ದರೆ, ಮೇಲೆ ಹೊಸದಾಗಿ ಪೇಂಟ್ ಬಳಿದಿದ್ದರೆ ಕೈಮುಗಿದು ಬನ್ನಿ.

ಕಾನೂನೂ ಇದೆ. ಭಾರತದ ಗ್ಯಾಸ್ ಸಿಲಿಂಡರ್ ನಿಯಮಗಳು, 2016 ಅನ್ವಯವಾಗುವುದು 500 ಮಿಲಿಲೀಟರಿಗಿಂತ ದೊಡ್ಡ ಸಿಲಿಂಡರುಗಳಿಗೆ. 48, 68 ಎರಡೂ ಆ ಗಾತ್ರವನ್ನು ದಾಟುತ್ತವೆ. ಇವುಗಳ ಅನುಮೋದನೆ ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆ. ಆದ್ದರಿಂದ ವಿದೇಶಿ ವೆಬ್‌ಸೈಟಿನಲ್ಲಿ ಅಗ್ಗಕ್ಕೆ ಕಂಡಿತು ಅಂತ ಆರ್ಡರ್ ಮಾಡುವ ಮೊದಲು ಯೋಚಿಸಿ. ಮಾರುವವರಿಂದ ಬಿಲ್ಲು, ಅನುಮೋದನೆಯ ಕಾಗದ ಎರಡನ್ನೂ ಕೇಳಿ. ಅಮೆರಿಕದಲ್ಲಿರುವ ಅಣ್ಣನಿಗೆ ‘ಬರುವಾಗ ಬ್ಯಾಗಲ್ಲಿ ತಂದುಬಿಡು’ ಅನ್ನುವುದೂ ಬೇಡ. ಗಾಳಿ ತುಂಬಿದ ಟ್ಯಾಂಕಿಗೆ ವಿಮಾನದಲ್ಲಿ ಜಾಗವಿಲ್ಲ.

ಇವನ್ನು ಮಾತ್ರ ಮಾಡಬೇಡಿ

• ವೆಲ್ಡಿಂಗ್ ಶಾಪಿನ ಆಕ್ಸಿಜನ್ ತುಂಬಿಸಬೇಡಿ. ‘ಅದೂ ಗಾಳೀನೇ ಅಲ್ವಾ’ ಅನ್ನೋರಿದ್ದಾರೆ. ಅಲ್ಲ. ಒತ್ತಡದ ಆಕ್ಸಿಜನ್‌ಗೆ ಒಂದು ತೊಟ್ಟು ಎಣ್ಣೆ ಸೋಕಿದರೂ ಹತ್ತಿಕೊಂಡು ಸಿಡಿಯಬಹುದು.

• ಗಾಳಿ ತುಂಬಿಸುವ ಮೂತಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಗಾಳಿ ರಭಸದಿಂದ ನುಗ್ಗಿದಾಗ ಒತ್ತಡದ ಶಾಖಕ್ಕೇ ಎಣ್ಣೆ ಉರಿಯುತ್ತದೆ. ಡೀಸೆಲ್ ಎಂಜಿನ್ ಓಡುವುದೂ ಇದೇ ಸೂತ್ರದ ಮೇಲೆ. ನಿಧಾನವಾಗಿ ತುಂಬಿಸಿ.

• ರೆಗ್ಯುಲೇಟರಿನಲ್ಲಿರುವ ಬರ್ಸ್ಟ್ ಡಿಸ್ಕ್ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ. ಅದು ಹೋದರೆ ಅದೇ ಅಳತೆಯ ಹೊಸದನ್ನು ಹಾಕಿಸಬೇಕು. ಬೋಲ್ಟು ಬಿಗಿದು ಮುಚ್ಚಿದರೆ ಟ್ಯಾಂಕನ್ನೇ ಬಾಂಬ್ ಮಾಡಿದ ಹಾಗೆ.

• ಗನ್ನಿನಿಂದ ಬಿಚ್ಚುವಾಗ ಟ್ಯಾಂಕ್ ತಿರುಗುತ್ತಿದೆಯೋ, ಅಥವಾ ಟ್ಯಾಂಕಿನಿಂದ ವಾಲ್ವೇ ಕಳಚಿಕೊಳ್ಳುತ್ತಿದೆಯೋ ನೋಡಿ. ಅಮೆರಿಕದಲ್ಲಿ ಹೀಗೆ ವಾಲ್ವ್ ಕಳಚಿ ಟ್ಯಾಂಕ್ ರಾಕೆಟ್ಟಿನಂತೆ ಹಾರಿ ಜೀವ ಹೋದದ್ದುಂಟು. ಇಬ್ಬರ ನಡುವಿನ ಕೀಲಿಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ, ವಾಲ್ವ್ ಅಲುಗಿದ್ದು ತಕ್ಷಣ ಕಾಣುತ್ತದೆ.

• ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ತುಂಬಿದ ಟ್ಯಾಂಕ್ ಬಿಡಬೇಡಿ. ಮಕ್ಕಳ ಕೈಗೆ ಆಟಕ್ಕೂ ಕೊಡಬೇಡಿ.

ಹಾಗಾದರೆ ಯಾವುದು?

ವರ್ಷಕ್ಕೆ ಮೂರು ನಾಲ್ಕು ಸಲ ಆಡುವವರಾದರೆ ಟ್ಯಾಂಕೇ ಬೇಡ. ರೆಸಾರ್ಟಿನವರು ಕೊಡುವುದು ಸಾಕು. ಆ ದುಡ್ಡಿಗೆ ಒಳ್ಳೆಯ ಮಾಸ್ಕ್ ಕೊಳ್ಳಿ. ಈ ಆಟದಲ್ಲಿ ಕಣ್ಣಿಗಿಂತ ಬೆಲೆಬಾಳುವುದು ಯಾವುದೂ ಇಲ್ಲ. ರೆಸಾರ್ಟಿನ ಟ್ಯಾಂಕಾದರೂ ತಾರೀಕು ನೋಡುವುದಕ್ಕೆ ಸಂಕೋಚ ಬೇಡ.

ತಿಂಗಳಿಗೆ ಒಂದೆರಡು ಸಲ ಆಡುತ್ತೀರಿ, ತುಂಬಿಸುವ ಜಾಗವೂ ಗೊತ್ತಿದೆ ಅಂದರೆ 48/3000 ಅಲ್ಯೂಮಿನಿಯಂ ಟ್ಯಾಂಕ್ ಧಾರಾಳವಾಯಿತು. ಮೂವತ್ತು, ಐವತ್ತು ಗುಂಡಿನ ಪ್ಯಾಕೇಜಿನ ಆಟಕ್ಕೆ ಇದು ಇಡೀ ದಿನ ಬರುತ್ತದೆ. ಪಿಸ್ತೂಲಿನಂಥ ಚಿಕ್ಕ ಗನ್ ಇದ್ದವರಿಗೆ 13/3000 ಸಾಕು. 68/4500 ಕೊಳ್ಳುವುದು, ಟೀಮು ಕಟ್ಟಿಕೊಂಡು ಟೂರ್ನಮೆಂಟಿಗೆ ಇಳಿಯುವವರು, ಅದೂ 4500ಕ್ಕೆ ತುಂಬಿಸುವ ಮೈದಾನ ಕೈಗೆಟಕುವ ದೂರದಲ್ಲಿದ್ದರೆ ಮಾತ್ರ.

ಅಂದಹಾಗೆ, 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 12 ಜನ ಮೊದಲ ಪೇಂಟ್‌ಬಾಲ್ ಆಟ ಆಡಿದ್ದು, ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕಲು ಮಾಡಿದ್ದ ಗನ್‌ಗಳಲ್ಲಿ. ಮಾರ್ಕರ್ ಅನ್ನೋ ಹೆಸರಿನಲ್ಲಿ ಆ ಗುರುತು ಹಾಕುವ ಕೆಲಸ ಇವತ್ತಿಗೂ ಉಳಿದಿದೆ. ಆಟ ಮುಗಿದಾಗ ಮೈಮೇಲೆ ಬಣ್ಣದ ಗುರುತು ಉಳಿದರೆ ಚಂದ, ಗಾಯದ ಗುರುತಲ್ಲ.